ಐವತ್ತು ಥೌ ವೈರು ಮತ್ತು ಆಮೇಲಿನ ಸೆಟ್ಟಿಂಗ್: ಪೀಣ್ಯದ ಒಂದು ಡಿಬಿಎಸ್ ಪ್ರಕರಣ

ಈ ಪ್ರಕರಣದ ವ್ಯಕ್ತಿಗೆ ಈಗ 59 ವರ್ಷ. ಪೀಣ್ಯ ಎರಡನೇ ಹಂತದಲ್ಲಿ ಒಂದು ಶೆಡ್ ಇಟ್ಟುಕೊಂಡಿದ್ದಾರೆ. ಒಳಗೆ ನಾಲ್ಕು ಲೇತ್, ಒಂದು ಮಿಲ್ಲಿಂಗ್ ಮಿಷಿನ್, ಒಂದು ಸರ್ಫೇಸ್ ಗ್ರೈಂಡರ್. ಕೆಲಸದ ಹುಡುಗರು ಅವರನ್ನು ಯಜಮಾನ್ರು ಅಂತ ಕರೆಯುತ್ತಾರೆ. ನಾನೂ ಇಲ್ಲಿ ಹಾಗೇ ಬರೆಯುತ್ತೇನೆ. ಅವರಿಗೆ ಪಾರ್ಕಿನ್ಸನ್ ಕಾಯಿಲೆ ಇದೆ ಅಂತ ಗೊತ್ತಾಗಿದ್ದು 2013ರಲ್ಲಿ. 2022ರ ಕೊನೆಗೆ ಬೆಂಗಳೂರಿನದೇ ಒಂದು ಆಸ್ಪತ್ರೆಯಲ್ಲಿ ಮಿದುಳಿನ ಎರಡೂ ಬದಿಗೆ ಒಂದೊಂದು ಎಲೆಕ್ಟ್ರೋಡ್, ಅಂದರೆ ಕರೆಂಟು ಹರಿಸುವ ಸಣ್ಣ ವೈರು ಇಳಿಸಿ, ಎದೆಯ ಚರ್ಮದ ಅಡಿಯಲ್ಲಿ ಬ್ಯಾಟರಿ ಡಬ್ಬಿ ಕೂರಿಸಿದರು. ಡೀಪ್ ಬ್ರೈನ್ ಸ್ಟಿಮ್ಯುಲೇಷನ್ ಅಂತ ಇದರ ಪೂರ್ತಿ ಹೆಸರು. ಎಲ್ಲರ ಬಾಯಲ್ಲಿ ಡಿಬಿಎಸ್.

ನಾನು ಫಿಸಿಯೋಥೆರಪಿಸ್ಟ್. ಆಪರೇಷನ್ನಿಗೆ ಮುಂಚಿನಿಂದಲೂ ಅವರ ಮನೆಗೆ ಹೋಗಿ ಬರುತ್ತಿದ್ದೇನೆ. ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಒಂದಿಷ್ಟು ವಿವರ ಬದಲಿಸಿ ಇದನ್ನು ಬರೆದಿದ್ದೇನೆ. ಮೊಬೈಲಿನಲ್ಲಿ ಓಡಾಡುವ ಡಿಬಿಎಸ್ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಕೈ ಗಡಗಡ ನಡುಗುತ್ತಿರುತ್ತದೆ, ಸ್ವಿಚ್ ಒತ್ತುತ್ತಾರೆ, ನಡುಕ ನಿಲ್ಲುತ್ತದೆ. ಅದು ಸುಳ್ಳಲ್ಲ. ಆದರೆ ಆ ಅರ್ಧ ನಿಮಿಷದ ಹಿಂದೆಮುಂದೆ ಇರುವ ವರ್ಷಗಳು ವಿಡಿಯೋದಲ್ಲಿ ಬರುವುದಿಲ್ಲ. ಈ ಪ್ರಕರಣದಲ್ಲಿ ಗೆದ್ದಿದ್ದೂ ಎಡವಿದ್ದೂ ಆ ವರ್ಷಗಳಲ್ಲೇ.

ಶುರುವಾಗಿದ್ದು ಭುಜದಿಂದ

ಪಾರ್ಕಿನ್ಸನ್ ಅಂದರೆ ನಡುಕ ಅಂತಲೇ ಜನ ತಿಳಿದಿದ್ದಾರೆ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆ ಬಗ್ಗೆ ಬರೆದಾಗ ಕೊಟ್ಟ ಹೆಸರಿನಲ್ಲೂ ನಡುಕವೇ ಇತ್ತು. ಯಜಮಾನರಿಗೆ ಮೊದಲು ಬಂದಿದ್ದು ನಡುಕ ಅಲ್ಲ, ಬಲ ಭುಜದ ಹಿಡಿತ. ಫ್ರೋಜನ್ ಶೋಲ್ಡರ್ ಅಂತ ಹೇಳಿ ಬೇರೆ ಒಂದು ಕಡೆ ತಿಂಗಳುಗಟ್ಟಲೆ ಶಾಖ ಕೊಟ್ಟರು. ಆ ಶಾಖದ ಮಿಷಿನ್ ಮುಂದೆ ಇನ್ನೊಮ್ಮೆ ಬರುತ್ತದೆ, ನೆನಪಿರಲಿ.

ಅವರೇ ಮೊದಲು ಗಮನಿಸಿದ್ದು ದಪ್ಪ ಅಳೆಯುವ ಮೈಕ್ರೋಮೀಟರ್ ಹಿಡಿದಾಗ. ಹೆಬ್ಬೆರಳು ತೋರುಬೆರಳ ನಡುವೆ ತಿರುಪನ್ನು ಪಟಪಟ ತಿರುಗಿಸುವುದು ಟರ್ನರ್ ಆದವನಿಗೆ ಉಸಿರಾಟದಷ್ಟೇ ಸಹಜ. ಬಲಗೈಯಲ್ಲಿ ಅದು ನಿಧಾನವಾಯಿತು. ಮೂರು ಸುತ್ತು ಸರಿಯಾಗಿ ಬರುತ್ತಿತ್ತು, ನಾಲ್ಕನೆಯದು ಸಣ್ಣದಾಗುತ್ತಿತ್ತು, ಐದನೆಯದರಲ್ಲಿ ಬೆರಳು ಸಿಕ್ಕಿಕೊಂಡ ಹಾಗೆ. ನರರೋಗ ತಜ್ಞರು ಹೆಬ್ಬೆರಳಿಗೆ ತೋರುಬೆರಳು ತಟ್ಟಿಸಿ ನೋಡುವುದೂ ಇದನ್ನೇ. ನಡೆಯುವಾಗ ಬಲಗೈ ಬೀಸುವುದು ಕಡಿಮೆಯಾಗಿತ್ತು. ಸಹಿ ಸಣ್ಣದಾಗಿ ಬ್ಯಾಂಕಿನಿಂದ ಚೆಕ್ಕು ವಾಪಸ್ ಬಂತು. ಆಗ ಡಾಕ್ಟರ ಹತ್ತಿರ ಹೋದರು. 47ನೇ ವಯಸ್ಸಿಗೆ ಅದು ಪಾರ್ಕಿನ್ಸನ್ ಅಂತ ಗೊತ್ತಾಯಿತು.

ಕಾರಣ ಚುಟುಕಾಗಿ ಹೇಳುತ್ತೇನೆ. ಮಿದುಳಿನ ಆಳದಲ್ಲಿ ಡೋಪಮೈನ್ ತಯಾರಿಸುವ ಕೋಶಗಳು ಸಾಯುತ್ತಾ ಹೋಗುತ್ತವೆ. ಚಲನೆಯನ್ನು ಹತೋಟಿಯಲ್ಲಿಡುವ ಸರ್ಕ್ಯೂಟಿನ ತಾಳ ತಪ್ಪುತ್ತದೆ. ಲೆವೊಡೋಪಾ ಮಾತ್ರೆ ಮಿದುಳಿಗೆ ಹೋಗಿ ಡೋಪಮೈನ್ ಆಗುತ್ತದೆ, ಕೊರತೆ ತುಂಬುತ್ತದೆ. 1960ರ ದಶಕದ ಕೊನೆಗೆ ಬಳಕೆಗೆ ಬಂದ ಈ ಔಷಧವೇ ಇವತ್ತಿಗೂ ಮುಖ್ಯ. ನಮ್ಮ ಕಡೆ ಪೇಷೆಂಟುಗಳು ಅದನ್ನು ಸಿಂಡೋಪಾ ಅಂತಲೇ ಕರೆಯುವುದು.

ಆನ್, ಆಫ್

ಮೊದಲ ಆರು ವರ್ಷ ಮಾತ್ರೆ ಚೆನ್ನಾಗಿಯೇ ಹಿಡಿಯಿತು. ಆಮೇಲೆ ಒಂದು ಡೋಸಿನ ಪ್ರಭಾವ ಮುಂದಿನ ಡೋಸಿನವರೆಗೆ ನಿಲ್ಲದಾಯಿತು. ಮಾತ್ರೆ ಹಿಡಿದಿರುವ ಹೊತ್ತು ‘ಆನ್’, ಇಳಿದ ಹೊತ್ತು ‘ಆಫ್’. ಮನೆಯಲ್ಲಿ ಎಲ್ಲರೂ ಅದೇ ಮಾತು ಆಡುತ್ತಿದ್ದರು. “ಇವ್ರು ಆಫ್ ಆಗಿದಾರೆ, ಆಮೇಲೆ ಫೋನ್ ಮಾಡಿ” ಅಂತ ಅವರ ಹೆಂಡತಿ ಪಾರ್ಟಿಗಳಿಗೆ ಹೇಳುವುದನ್ನು ನಾನೇ ಕೇಳಿದ್ದೇನೆ. ಅವರನ್ನು ನಾನು ಅಕ್ಕ ಅಂತೀನಿ.

2021ರ ಹೊತ್ತಿಗೆ ಎರಡೂವರೆ ಗಂಟೆಗೊಂದು ಮಾತ್ರೆ ಬೇಕಿತ್ತು. ಆನ್ ಆದಾಗ ಇನ್ನೊಂದು ಕಷ್ಟ. ಕುತ್ತಿಗೆ, ಭುಜ, ಸೊಂಟ ತಾನಾಗೇ ಓಲಾಡುತ್ತಿದ್ದವು. ಇದಕ್ಕೆ ಡಿಸ್ಕೈನೀಸಿಯಾ ಅನ್ನುತ್ತಾರೆ. ನೋಡುವವರಿಗೆ ಇದೇ ಕಾಯಿಲೆ ಅನ್ನಿಸುತ್ತದೆ, ಆದರೆ ಇದು ಬರುವುದು ಹೆಚ್ಚಾಗಿ ಔಷಧ ಏರಿದಾಗ. ತುಮಕೂರಿನ ನೆಂಟರೊಬ್ಬರು ನಸುಗುನ್ನಿ ಬೀಜದ ಪುಡಿ ತಂದುಕೊಟ್ಟಿದ್ದರು. ಹಾಲಿಗೆ ಹಾಕಿ ಕುಡಿದ ವಾರದಲ್ಲೇ ಓಲಾಟ ಇನ್ನೂ ಜಾಸ್ತಿಯಾಯಿತು. ಆಶ್ಚರ್ಯ ಏನಿಲ್ಲ. ನಸುಗುನ್ನಿಯಲ್ಲೂ ಇರುವುದು ಲೆವೊಡೋಪಾನೇ. ನಾಟಿ ಔಷಧ ಕೆಲಸ ಮಾಡುವುದಿಲ್ಲ ಅಂತಲ್ಲ, ಇಲ್ಲಿ ಅದು ಮಾಡಿದ್ದೇ ತೊಂದರೆ. ಮಾತ್ರೆಯ ಮೇಲೆ ಲೆಕ್ಕವಿಲ್ಲದ ಇನ್ನೊಂದು ಡೋಸ್ ಬಿದ್ದ ಹಾಗಾಯಿತು.

ಆಗುತ್ತಾ, ಆಗಲ್ವಾ

ಡಿಬಿಎಸ್ ಹೊಸದೇನಲ್ಲ. ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಅಲಿಂ ಲೂಯಿ ಬೆನಬಿದ್ 1987ರಲ್ಲಿ ಇದಕ್ಕೆ ದಾರಿ ತೆಗೆದರು. ನಡುಕ ನಿಲ್ಲಿಸಲು ಮಿದುಳಿನ ಒಂದು ಸಣ್ಣ ಜಾಗವನ್ನು ಸುಡುವ ಆಪರೇಷನ್ ಆಗ ರೂಢಿಯಲ್ಲಿತ್ತು. ಸುಡುವ ಮೊದಲು ಜಾಗ ಸರಿಯಿದೆಯಾ ನೋಡಲು ಕರೆಂಟು ಬಿಡುತ್ತಿದ್ದರು. ಸೆಕೆಂಡಿಗೆ ನೂರರ ಆಸುಪಾಸಿನ ವೇಗದಲ್ಲಿ ಬಿಟ್ಟಾಗ ನಡುಕ ಅಲ್ಲೇ ನಿಂತಿತು. ಹಾಗಾದರೆ ಸುಡುವುದು ಯಾಕೆ, ವೈರನ್ನು ಅಲ್ಲೇ ಬಿಟ್ಟರಾಯಿತು ಅನ್ನುವುದು ಅವರ ಯೋಚನೆ. ಔಷಧ, ವೈದ್ಯಕೀಯ ಸಲಕರಣೆಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ 1997ರಲ್ಲಿ ನಡುಕಕ್ಕೆ, 2002ರಲ್ಲಿ ಪಾರ್ಕಿನ್ಸನ್ನಿನ ಉಳಿದ ತೊಂದರೆಗಳಿಗೂ ಒಪ್ಪಿಗೆ ಕೊಟ್ಟಿತು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸೇರಿ ಹಲವು ಆಸ್ಪತ್ರೆಗಳಲ್ಲಿ ಈಗ ಇದು ನಡೆಯುತ್ತದೆ.

ಯಾರಿಗೆ ಮಾಡಬೇಕು ಅನ್ನುವುದನ್ನು ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ರಾತ್ರಿಯಿಂದ ಮಾತ್ರೆ ನಿಲ್ಲಿಸುತ್ತಾರೆ. ಬೆಳಿಗ್ಗೆ ಪೂರ್ತಿ ಆಫ್ ಸ್ಥಿತಿಯಲ್ಲಿ ಅಂಕ ಹಾಕುತ್ತಾರೆ: ಬಿಗಿತ, ನಿಧಾನ, ನಡಿಗೆ, ಕುರ್ಚಿಯಿಂದ ಏಳುವುದು. ಆಮೇಲೆ ಮಾಮೂಲಿಗಿಂತ ಸ್ವಲ್ಪ ಜಾಸ್ತಿ ಲೆವೊಡೋಪಾ ಕೊಟ್ಟು, ಅದು ಹಿಡಿದ ಮೇಲೆ ಮತ್ತೆ ಅಂಕ. ಕನಿಷ್ಠ ಮೂರನೇ ಒಂದು ಭಾಗದಷ್ಟಾದರೂ ಸುಧಾರಣೆ ಕಾಣಬೇಕು. ಮಾತ್ರೆಗೆ ಜಗ್ಗದ ಲಕ್ಷಣ ಕರೆಂಟಿಗೂ ಜಗ್ಗುವುದಿಲ್ಲ ಅನ್ನುವುದು ಸ್ಥೂಲ ನಿಯಮ. ನಡುಕ ಮಾತ್ರ ಇದಕ್ಕೆ ಹೊರತು. ಯಜಮಾನರಿಗೆ ಸುಧಾರಣೆ ಅರ್ಧಕ್ಕಿಂತ ಹೆಚ್ಚಿತ್ತು. ಆದರೆ ತಿರುಗುವಾಗ ತೂಕ ತಪ್ಪುವುದು ಮಾತ್ರೆಯ ಮೇಲೂ ಹಾಗೇ ಉಳಿದಿತ್ತು. “ಇದು ಆಪರೇಷನ್ ಆದ್ಮೇಲೂ ಇರುತ್ತೆ ಸರ್” ಅಂತ ಡಾಕ್ಟರು ಅವತ್ತೇ ಬಿಡಿಸಿ ಹೇಳಿದರು. ಆ ಒಂದು ಮಾತಿನಿಂದ ಮುಂದೆ ಎಷ್ಟೋ ಜಗಳ ತಪ್ಪಿತು.

ನೆನಪಿನ ಶಕ್ತಿ, ಮನಸ್ಸಿನ ಸ್ಥಿತಿ ಎರಡನ್ನೂ ನೋಡಿದರು. ಮರೆವಿನ ಕಾಯಿಲೆ ಇದ್ದರೆ ಡಿಬಿಎಸ್ ಮಾಡುವುದಿಲ್ಲ. ತೀವ್ರ ಖಿನ್ನತೆ ಇದ್ದರೆ ಅದು ಹತೋಟಿಗೆ ಬರುವವರೆಗೆ ಕಾಯುತ್ತಾರೆ. ಈ ಮಾತುಕತೆಯಲ್ಲೇ ಅಕ್ಕ ತಡೆದು ತಡೆದು ಒಂದು ವಿಷಯ ಹೊರಗೆ ಹಾಕಿದರು. ಎರಡು ವರ್ಷದಿಂದ ಯಜಮಾನರು ರಾತ್ರಿ ಒಂದು ಗಂಟೆಗೆ ಎದ್ದು ಫೋನಿನಲ್ಲಿ ಹಳೆ ಮಿಷಿನ್‌ಗಳ ಹರಾಜು ನೋಡುತ್ತಿದ್ದರು. ಮೂರು ಲೇತ್ ಕೊಂಡಿದ್ದರು. ಒಂದಂತೂ ರಾಜ್‌ಕೋಟ್‌ನಿಂದ ಬಂದು, ಶೆಡ್ಡಿನ ಹಿಂದೆ ಟಾರ್ಪಾಲಿನ ಕೆಳಗೆ ತುಕ್ಕು ಹಿಡಿಯುತ್ತಿತ್ತು. ಮನೆಯವರು ಅದನ್ನು ಹಳೇ ಹುಚ್ಚು ಅಂದುಕೊಂಡಿದ್ದರು. ಅದು ಪ್ರಾಮಿಪೆಕ್ಸೋಲ್ ಅನ್ನುವ ಇನ್ನೊಂದು ಮಾತ್ರೆಯ ಅಡ್ಡಪರಿಣಾಮ. ಈ ಗುಂಪಿನ ಮಾತ್ರೆಗಳಿಂದ ಕೆಲವರಿಗೆ ಜೂಜು, ಕೊಳ್ಳುವ ಚಟ, ತಿನ್ನುವ ಚಟ ಹತ್ತಿಕೊಳ್ಳುತ್ತದೆ. ಕೇಳದೆ ಯಾರೂ ಹೇಳುವುದಿಲ್ಲ. ಹಾಗಾಗಿ ನಾನು ಈಗ ಪ್ರತಿ ಮನೆಯಲ್ಲೂ ಇದನ್ನು ಕೇಳುತ್ತೇನೆ, ಅದೂ ಹೆಂಡತಿಯನ್ನೋ ಮಕ್ಕಳನ್ನೋ ಪ್ರತ್ಯೇಕವಾಗಿ.

ಯಾವ ಡಬ್ಬಿ

2022ರಲ್ಲಿ ಇವರ ಮುಂದೆ ಎರಡು ದಾರಿ ಇತ್ತು. ಒಂದು, ಚಾರ್ಜ್ ಮಾಡುವ ಬ್ಯಾಟರಿ. ಹದಿನೈದು ವರ್ಷ ಬರುತ್ತದೆ, ಆದರೆ ತಪ್ಪದೆ ಎದೆಯ ಮೇಲೆ ಚಾರ್ಜರ್ ಇಟ್ಟುಕೊಂಡು ಕೂರಬೇಕು. ಇನ್ನೊಂದು, ಚಾರ್ಜ್ ಬೇಡದ್ದು. ಕರೆಂಟಿನ ಬಳಕೆ ಮೇಲೆ ನಾಲ್ಕೈದು ವರ್ಷ ಬಂದು ಮುಗಿಯುತ್ತದೆ, ಆಗ ಎದೆಯ ಡಬ್ಬಿಯನ್ನು ಮತ್ತೆ ಬದಲಿಸಬೇಕು. ಈ ಎರಡನೇ ಡಬ್ಬಿಯಲ್ಲಿ ಒಂದು ಹೊಸ ಸೌಲಭ್ಯ ಇತ್ತು. ಕರೆಂಟು ಬಿಡುವುದರ ಜೊತೆಗೆ ಅದೇ ವೈರಿನಿಂದ ಮಿದುಳಿನ ಅಲೆಗಳನ್ನು ಓದಿ ಬರೆದಿಡುತ್ತಿತ್ತು. ಇಂಥ ಓದುವ ಡಬ್ಬಿಗೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ. ಅದೇ ಸರಣಿಯಲ್ಲಿ ಓದುವುದೂ ಚಾರ್ಜ್ ಆಗುವುದೂ ಒಟ್ಟಿಗೆ ಇರುವ ಡಬ್ಬಿಗೆ ಅಲ್ಲಿ ಒಪ್ಪಿಗೆ ಬಂದಿದ್ದು 2024ರ ಜನವರಿಯಲ್ಲಿ.

ಮಗ ಲೆಕ್ಕ ಹಾಕಿ ಚಾರ್ಜಿಂಗ್‌ದೇ ಲಾಭ ಅಂದ. ಹದಿನೈದು ವರ್ಷದಲ್ಲಿ ಮೂರು ಡಬ್ಬಿ ಬದಲಿಸುವ ಖರ್ಚು ಉಳಿಯುತ್ತದೆ, ಪ್ರತಿ ಸಲದ ಸೋಂಕಿನ ಭಯವೂ ಇಲ್ಲ. ಲೆಕ್ಕ ಸರಿಯಾಗೇ ಇತ್ತು. ಆಗ ಅಕ್ಕ ಅಂದರು: “ಇವ್ರ ಫೋನ್ ಚಾರ್ಜಿಗೆ ಹಾಕೋದೂ ನಾನೇ. ನಾಳೆ ನಾನು ಮಗಳ ಬಾಣಂತನಕ್ಕೆ ಮೈಸೂರಿಗೆ ಹೋದ್ರೆ?”

ಈ ಪ್ರಶ್ನೆ ಸಣ್ಣದಲ್ಲ. ವರ್ಷಗಟ್ಟಲೆ ಕರೆಂಟಿಗೆ ಒಗ್ಗಿದ ಮಿದುಳಿಗೆ ಅದು ಥಟ್ಟನೆ ನಿಂತರೆ ಬಿಗಿತ ಒಮ್ಮೆಲೇ ಮರಳಿ, ನುಂಗುವುದೂ ಕಷ್ಟವಾಗಿ ಆಸ್ಪತ್ರೆ ಸೇರಬೇಕಾಗಬಹುದು. ಚಾರ್ಜ್ ಮರೆತರೆ ಫೋನ್ ಸ್ವಿಚ್ ಆಫ್ ಆದಷ್ಟು ಸಲೀಸಲ್ಲ ಅದು. ಕೊನೆಗೆ ಚಾರ್ಜ್ ಬೇಡದ ಡಬ್ಬಿಯನ್ನೇ ಆರಿಸಿದರು. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಮಾನ. ಮನೆಯಲ್ಲಿ ಯಾರಿದ್ದಾರೆ, ಯಾರಿಗೆ ಯಾವ ಅಭ್ಯಾಸ ಇದೆ ಅನ್ನುವುದನ್ನು ನೋಡದೆ ಬ್ರೋಶರ್ ನೋಡಿ ಮಾಡುವ ಆಯ್ಕೆ ನಿಲ್ಲುವುದಿಲ್ಲ. ಸಣ್ಣ ವಯಸ್ಸಿನ, ಶಿಸ್ತಿನ ಪೇಷೆಂಟಿಗೆ ನಾನೇ ಚಾರ್ಜಿಂಗ್ ತಗೊಳ್ಳಿ ಅಂತೀನಿ.

ಖರ್ಚು ಹನ್ನೆರಡು ಲಕ್ಷ ದಾಟಿತು. ಇಲ್ಲೊಂದು ಉಪಯೋಗದ ಮಾತು. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಪಾಲಿಸಿಯಿಂದ ಹೊರಗಿಡಬಾರದ ಆಧುನಿಕ ಚಿಕಿತ್ಸೆಗಳ ಪಟ್ಟಿ ಇತ್ತು. ಡಿಬಿಎಸ್ ಅದರಲ್ಲಿ ಸೇರಿತ್ತು. ಆದರೆ ಇಷ್ಟೇ ಕೊಡುತ್ತೇವೆ ಅಂತ ಮಿತಿ ಹಾಕಲು ಕಂಪನಿಗೆ ಅವಕಾಶ ಇತ್ತು. ಇವರ ಪಾಲಿಸಿಯಲ್ಲಿ ಮಿತಿ ಐದು ಲಕ್ಷ. ಪಾಲಿಸಿ ಪುಸ್ತಕದಲ್ಲಿ ‘ಆಧುನಿಕ ಚಿಕಿತ್ಸೆ’ ಅನ್ನುವ ಪುಟ ಹುಡುಕಿ ಮೊದಲೇ ಓದಿಕೊಳ್ಳುವುದು ಒಳ್ಳೆಯದು.

ಆಪರೇಷನ್

ಇದರ ಬಗ್ಗೆ ಜನ ಹೆಚ್ಚು ಕೇಳುತ್ತಾರೆ. ಹೇಳುವುದು ಕಮ್ಮಿಯೇ ಇದೆ. ತಲೆಗೆ ಲೋಹದ ಫ್ರೇಮ್ ಬಿಗಿದು ಸಿಟಿ ಸ್ಕ್ಯಾನ್ ಮಾಡಿ, ಅದನ್ನು ಮೊದಲೇ ತೆಗೆದ ಎಂಆರ್‌ಐ ಮೇಲೆ ಕೂರಿಸುತ್ತಾರೆ. ಗುರಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಅನ್ನುವ, ಕೆಲವೇ ಮಿಲಿಮೀಟರಿನ ಜಾಗ. ಮಿದುಳಿಗೆ ನೋವು ಗೊತ್ತಾಗುವುದಿಲ್ಲ, ಹಾಗಾಗಿ ಚರ್ಮ ಮರಗಟ್ಟಿಸಿ ಪೇಷೆಂಟನ್ನು ಎಚ್ಚರದಲ್ಲೇ ಇಟ್ಟು ಮಾಡಿದರು. ಪೂರ್ತಿ ಅರಿವಳಿಕೆ ಕೊಟ್ಟು ಮಾಡುವ ಪದ್ಧತಿಯೂ ಈಗ ಇದೆ. ಸೂಜಿಯಂಥ ಎಲೆಕ್ಟ್ರೋಡ್ ಇಳಿಯುತ್ತಿದ್ದಂತೆ ಕೋಶಗಳ ಸದ್ದನ್ನು ಸ್ಪೀಕರಿನಲ್ಲಿ ಕೇಳುತ್ತಾರೆ. ಜಾಗ ಬದಲಾದರೆ ಸದ್ದು ಬದಲಾಗುತ್ತದೆ. ಆಮೇಲೆ ಕರೆಂಟು ಬಿಟ್ಟು, ವಾರದ ಹೆಸರು ಹೇಳಿ, ಮುಷ್ಟಿ ಬಿಚ್ಚಿ ಮುಚ್ಚಿ ಅನ್ನುತ್ತಾರೆ. ಕೈ ಸಡಿಲಾಗಬೇಕು, ಮಾತು ತೊದಲಬಾರದು.

ಹಿಂದಿನ ದಿನ ಡಾಕ್ಟರ ಮೇಜಿನ ಮೇಲೆ ಮಾದರಿಗೆ ಇಟ್ಟಿದ್ದ ವೈರನ್ನು ಯಜಮಾನರು ಬೆರಳಲ್ಲಿ ಉರುಳಿಸಿ ನೋಡಿದರಂತೆ. ದಪ್ಪ ಎಷ್ಟು ಅಂತ ಕೇಳಿದರು. 1.27 ಮಿಲಿಮೀಟರ್ ಅಂದರು ಡಾಕ್ಟರು. “ಐವತ್ತು ಥೌ” ಅಂದರಂತೆ ಇವರು, ಒಂದು ಕ್ಷಣವೂ ತಡೆಯದೆ. ಇಂಚಿನ ಸಾವಿರದಲ್ಲಿ ಐವತ್ತು ಭಾಗ. ಲೆಕ್ಕ ಕರಾರುವಾಕ್ಕು. “ಇಷ್ಟು ಸಣ್ಣದು ಆ ಆಳಕ್ಕೆ ಹೋಗೋವಾಗ ಸೊಟ್ಟ ಆಗಲ್ವಾ?” ಅನ್ನುವುದು ಅವರ ಎರಡನೇ ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ. ಅದಕ್ಕೇ ಗಟ್ಟಿ ಕೊಳವೆಯ ಮೂಲಕ ಇಳಿಸಿ, ಆಮೇಲೆ ಸ್ಕ್ಯಾನ್ ಮಾಡಿ ತುದಿ ಎಲ್ಲಿದೆ ಅಂತ ನೋಡುತ್ತಾರೆ.

ರಕ್ತಸ್ರಾವದ ಅಪಾಯ ನೂರಕ್ಕೆ ಒಂದೆರಡು ಜನರಿಗೆ ಇದೆ ಅಂತ ಸಹಿಗೆ ಮುಂಚೆ ಹೇಳಿದ್ದರು. ಇವರಿಗೆ ಅಂಥದ್ದೇನೂ ಆಗಲಿಲ್ಲ.

ಸೆಟ್ಟಿಂಗ್

ಎರಡನೇ ದಿನ ವಾರ್ಡಿನಲ್ಲಿ ಯಜಮಾನರು ಹುಡುಗನ ಹಾಗೆ ಓಡಾಡಿದರು. ಡಬ್ಬಿ ಇನ್ನೂ ಆನ್ ಮಾಡಿರಲಿಲ್ಲ! ನೆಂಟರೆಲ್ಲ ಫೋನ್ ಮಾಡಿ ಖುಷಿಪಟ್ಟರು. ಮೂರು ವಾರದಲ್ಲಿ ಅದೆಲ್ಲ ಕರಗಿ ಹಳೆಯ ಬಿಗಿತ ವಾಪಸ್ ಬಂತು. ಮನೆಯಲ್ಲಿ ಸೂತಕದ ವಾತಾವರಣ. ಇದು ಎಷ್ಟೋ ಜನರಿಗೆ ಆಗುವಂಥದ್ದೇ. ವೈರು ಇಳಿಯುವಾಗ ಆ ಜಾಗದಲ್ಲಿ ಆಗುವ ಸಣ್ಣ ಗಾಯ, ಊತವೇ ಕೆಲವು ದಿನ ಚಿಕಿತ್ಸೆಯ ಹಾಗೆ ಕೆಲಸ ಮಾಡುತ್ತದೆ. ಊತ ಇಳಿದರೆ ಪರಿಣಾಮವೂ ಇಳಿಯುತ್ತದೆ. ಅದಕ್ಕೇ ಪ್ರೋಗ್ರಾಮಿಂಗನ್ನು ಕೆಲವು ವಾರ ಬಿಟ್ಟು ಶುರು ಮಾಡುವುದು. ಈ ವಿಷಯ ಮನೆಯವರಿಗೆ ಮುಂಚೆ ಯಾರೂ ಒತ್ತಿ ಹೇಳಿರಲಿಲ್ಲ. ಹೇಳಿದ್ದರೆ ಆ ವಾರಗಳ ಅಳು ತಪ್ಪುತ್ತಿತ್ತು.

ಪ್ರೋಗ್ರಾಮಿಂಗ್ ಅಂದರೆ ಮಾತ್ರೆ ಇಲ್ಲದೆ ಬೆಳಿಗ್ಗೆ ಬಂದು ಕೂರುವುದು. ಡಾಕ್ಟರು ಟ್ಯಾಬ್ಲೆಟ್ ಕಂಪ್ಯೂಟರ್ ಹಿಡಿದು ವೈರಿನ ತುದಿಯ ಒಂದೊಂದೇ ಬಿಂದುವಿಗೆ ಕರೆಂಟು ಕೊಡುತ್ತಾ ಹೋಗುತ್ತಾರೆ. ಸಾಮಾನ್ಯವಾಗಿ ಸೆಕೆಂಡಿಗೆ 130 ಬಡಿತ, ಒಂದೊಂದು ಬಡಿತ ಸೆಕೆಂಡಿನ ಹತ್ತು ಲಕ್ಷದಲ್ಲಿ 60 ಭಾಗದಷ್ಟು ಹೊತ್ತು. ಎಷ್ಟು ಮಿಲಿಆಂಪಿಯರಿಗೆ ಮಣಿಕಟ್ಟು ಸಡಿಲಾಯಿತು, ಎಷ್ಟಕ್ಕೆ ತುಟಿ ಎಳೆಯಿತು, ಬೆರಳು ಜುಮ್ಮೆಂದಿತು ಅಂತ ಬರೆದುಕೊಳ್ಳುತ್ತಾರೆ. ಮೊದಲ ಸಲ ಬೆಳಿಗ್ಗೆ ಹೋದವರು ಮಧ್ಯಾಹ್ನದ ಊಟದ ಹೊತ್ತು ಮೀರಿ ಬಂದರು. ಆಮೇಲೆ ಮೊದಲ ಆರು ತಿಂಗಳು ಮತ್ತೆ ಮತ್ತೆ. ಯಜಮಾನರು ಇದನ್ನು ತಮ್ಮ ಭಾಷೆಯಲ್ಲೇ ಅರ್ಥ ಮಾಡಿಕೊಂಡರು: “ಮಿಷಿನ್ ಇಳಿಸೋದು ಒಂದು ದಿನದ ಕೆಲ್ಸ. ಜಾಬ್ ಸೆಟ್ಟಿಂಗ್ ಇದೆಯಲ್ಲ, ಅದೇ ಟೈಮ್ ತಗೊಳೋದು.”

ಎರಡನೇ ತಿಂಗಳಿಗೆ ಕೈಕಾಲು ಚೆನ್ನಾಗಿದ್ದವು, ಮಾತು ಕೆಟ್ಟಿತು. ದನಿ ಇಳಿದು, ಪದಗಳು ಒಂದರ ಮೇಲೊಂದು ಬಿದ್ದವು. ಫೋನಿನಲ್ಲಿ ಪಾರ್ಟಿಗಳು “ಏನ್ ಸಾರ್, ಸರಿಯಾಗಿ ಕೇಳಿಸ್ತಿಲ್ಲ” ಅನ್ನತೊಡಗಿದರು. ಗುರಿಯ ಪಕ್ಕದಲ್ಲೇ ಮುಖ, ನಾಲಿಗೆಗೆ ಹೋಗುವ ನರಗಳ ಕಟ್ಟು ಇದೆ. ಕರೆಂಟು ಅಲ್ಲಿಗೆ ಸೋರಿದರೆ ಹೀಗಾಗುತ್ತದೆ. ಹಳೆಯ ವೈರುಗಳಲ್ಲಿ ಬಿಂದು ಅಂದರೆ ಸುತ್ತಲೂ ಕರೆಂಟು ಹರಡುವ ಉಂಗುರ. ಈಗಿನ ವೈರುಗಳಲ್ಲಿ ಉಂಗುರವನ್ನು ಮೂರು ತುಂಡಾಗಿ ಒಡೆದಿರುತ್ತಾರೆ, ಬೇಕಾದ ದಿಕ್ಕಿಗೆ ಮಾತ್ರ ಕರೆಂಟು ತಿರುಗಿಸಬಹುದು. ಇಂಥ ವೈರಿಗೆ ಅಮೆರಿಕದಲ್ಲಿ ಒಪ್ಪಿಗೆ ಬಂದಿದ್ದು 2016ರಲ್ಲಿ. ನನ್ನ ಕಣ್ಣಲ್ಲಿ ಪೇಷೆಂಟಿಗೆ ನೇರವಾಗಿ ತಲುಪಿದ ಸುಧಾರಣೆ ಅಂದರೆ ಇದೇ. ಎಡಬದಿಯ ವೈರಿನಲ್ಲಿ ಹೊರಮುಖದ ತುಂಡನ್ನು ಬಂದ್ ಮಾಡಿದರು, ಕರೆಂಟನ್ನೂ ಸ್ವಲ್ಪ ಇಳಿಸಿದರು. ಮಾತು ಮುಕ್ಕಾಲು ಪಾಲು ಮರಳಿತು. ಬದಲಿಗೆ ಬಲಗೈಯಲ್ಲಿ ಸಣ್ಣ ನಡುಕ ಉಳಿಯಿತು. ಎರಡರಲ್ಲಿ ಒಂದು ಅಂದಾಗ ಯಜಮಾನರು ಮಾತು ಆರಿಸಿಕೊಂಡರು. “ಕೊಟೇಶನ್ ಬಾಯಲ್ಲಿ ಕೊಡ್ಬೇಕಲ್ಲ.”

ಇನ್ನೊಂದು ತೊಂದರೆ ಯಾರ ಕಣ್ಣಿಗೂ ಬೇಗ ಬೀಳಲಿಲ್ಲ. ಕರೆಂಟು ಹಿಡಿದ ಮೇಲೆ ಮಾತ್ರೆಯನ್ನು ಅರ್ಧದಷ್ಟು ಇಳಿಸಿದ್ದರು. ಪ್ರಾಮಿಪೆಕ್ಸೋಲ್ ಪೂರ್ತಿ ನಿಂತಿತ್ತು. ಹರಾಜಿನ ಚಟ ಹೋಯಿತು, ಜೊತೆಗೆ ಉಳಿದ ಉತ್ಸಾಹವೂ ಹೋಯಿತು. ಫೋನ್ ರಿಂಗ್ ಆದರೂ ಎತ್ತುತ್ತಿರಲಿಲ್ಲ. ನಾನು ಹೇಳಿಕೊಟ್ಟ ವ್ಯಾಯಾಮ ಬೇಡ ಅನ್ನುತ್ತಿರಲಿಲ್ಲ, ಮಾಡುತ್ತಲೂ ಇರಲಿಲ್ಲ. ದುಃಖ ಅಲ್ಲ ಅದು. ಕೇಳಿದರೆ “ಚೆನ್ನಾಗಿದೀನಿ” ಅನ್ನುತ್ತಿದ್ದರು. ಡೋಪಮೈನ್ ಔಷಧ ಬೇಗ ಇಳಿಸಿದಾಗ ಕೆಲವರಲ್ಲಿ ಹೀಗೆ ಆಸೆಯೇ ಬತ್ತಿಹೋಗುತ್ತದೆ. ಲೆವೊಡೋಪಾವನ್ನು ಒಂದಿಷ್ಟು ಏರಿಸಿದ ಮೇಲೆ ನಿಧಾನವಾಗಿ ಸರಿಹೋದರು. ಇದನ್ನು ಮೊದಲು ಹೇಳಿದ್ದು ಡಬ್ಬಿಯೂ ಅಲ್ಲ, ಡಾಕ್ಟರೂ ಅಲ್ಲ. ಶೆಡ್ಡಿನ ಫೋರ್‌ಮನ್. “ಯಜಮಾನ್ರು ಈಗ ಬೈಯೋದೇ ಇಲ್ಲ ಮೇಡಂ.”

ಇನ್ನು ಆ ಓದುವ ಸೌಲಭ್ಯ. ಪಾರ್ಕಿನ್ಸನ್ನಿನಲ್ಲಿ ಆಫ್ ಹೊತ್ತಿನಲ್ಲಿ ಆ ಜಾಗದ ಕೋಶಗಳು ಸೆಕೆಂಡಿಗೆ 13ರಿಂದ 30 ಸಲದ ಲಯದಲ್ಲಿ ಒಟ್ಟಾಗಿ ಮಿಡಿಯುತ್ತವೆ. ಇದನ್ನು ಬೀಟಾ ಅಲೆ ಅನ್ನುತ್ತಾರೆ. ಮಾತ್ರೆ ಹಿಡಿದಾಗ ಅದು ತಗ್ಗುತ್ತದೆ. ಡಬ್ಬಿ ಇದರ ಏರಿಳಿತವನ್ನು ದಿನವಿಡೀ ದಾಖಲಿಸುತ್ತದೆ. ಮನೆಯಲ್ಲಿ ಅಕ್ಕ ಬರೆಯುತ್ತಿದ್ದ ಡೈರಿಯಲ್ಲಿ ಎಲ್ಲ ದಿನವೂ ‘ಪರವಾಗಿಲ್ಲ’ ಅಂತಿತ್ತು. ಡಬ್ಬಿಯ ಗೆರೆ ಮಾತ್ರ ಕೆಲಸದ ದಿನಗಳಲ್ಲಿ ಮಧ್ಯಾಹ್ನ ಎರಡೂವರೆಯಿಂದ ನಾಲ್ಕರವರೆಗೆ ಮೇಲೇರುತ್ತಿತ್ತು, ಭಾನುವಾರ ಇಲ್ಲ. ವಿಚಾರಿಸಿದಾಗ ಗೊತ್ತಾಯಿತು. ಶೆಡ್ಡಿನಲ್ಲಿ ಒಂದೂವರೆಗೆ ಊಟದ ಡಬ್ಬಿ ಬಿಚ್ಚಿ ಬೇಳೆ ಸಾರು, ಕಾಳು ಪಲ್ಯ, ಮೊಸರನ್ನ ಉಂಡು, ಅದರ ಮೇಲೆ ಮಾತ್ರೆ ನುಂಗುತ್ತಿದ್ದರು. ಪ್ರೋಟೀನು ಮತ್ತು ಲೆವೊಡೋಪಾ ಕರುಳಿನಲ್ಲಿ ಒಂದೇ ಬಾಗಿಲಿಗೆ ನುಗ್ಗುತ್ತವೆ. ಮಾತ್ರೆ ಹಿಂದೆ ಬೀಳುತ್ತದೆ. ಭಾನುವಾರ ಮನೆಯಲ್ಲಿ ಅಕ್ಕ ಊಟಕ್ಕೆ ಮುಂಚೆಯೇ ಕೊಡುತ್ತಿದ್ದರು. ಮಾತ್ರೆಯನ್ನು ಮುಕ್ಕಾಲು ಗಂಟೆ ಹಿಂದಕ್ಕೆ ತಂದರು, ಗೆರೆ ತಗ್ಗಿತು. ಲಕ್ಷಗಟ್ಟಲೆಯ ಯಂತ್ರ ಹಿಡಿದ ತಪ್ಪಿಗೆ ಪರಿಹಾರ ಫೋನಿನ ಒಂದು ಅಲಾರಂ.

2025ರ ಫೆಬ್ರವರಿಯಲ್ಲಿ ಎಫ್‌ಡಿಎ ಇನ್ನೊಂದು ಹೆಜ್ಜೆಗೆ ಒಪ್ಪಿಗೆ ಕೊಟ್ಟಿತು. ಬೀಟಾ ಅಲೆ ನೋಡಿಕೊಂಡು ಡಬ್ಬಿ ತಾನೇ ಕರೆಂಟನ್ನು ಏರಿಸಿ ಇಳಿಸುವ ಪದ್ಧತಿ ಅದು. ಅಡಾಪ್ಟಿವ್ ಡಿಬಿಎಸ್ ಅಂತಾರೆ. ಜಪಾನಿನಲ್ಲಿ ಇದಕ್ಕೆ 2020ರಲ್ಲೇ ಒಪ್ಪಿಗೆ ಇತ್ತು. ಸುದ್ದಿ ಓದಿದ ಮಗ ಡಾಕ್ಟರನ್ನು ಹಿಡಿದುಕೊಂಡ. ಅವರು ಗೆರೆಗಳನ್ನೇ ತೋರಿಸಿದರು. ಎಡಬದಿಯಲ್ಲಿ ಅಲೆ ಸ್ಪಷ್ಟವಾಗಿದೆ, ಬಲಬದಿಯಲ್ಲಿ ಗುಡ್ಡವೇ ಏಳುವುದಿಲ್ಲ. ಓದಲು ಸಿಗದ ಅಲೆಯನ್ನು ಹಿಂಬಾಲಿಸುವುದು ಹೇಗೆ? ಈಗಿನ ಸೆಟ್ಟಿಂಗಿನಲ್ಲಿ ಆಫ್ ಹೊತ್ತು ಹೆಚ್ಚಿಲ್ಲ, ಓಲಾಟವೂ ಇಲ್ಲ. ಸದ್ಯಕ್ಕೆ ಮುಟ್ಟುವುದು ಬೇಡ ಅಂದರು. ಹೊಸದು ಬಂದಿದೆ ಅಂದಮಾತ್ರಕ್ಕೆ ನಡೆಯುತ್ತಿರುವ ಜಾಬನ್ನು ಬಿಚ್ಚುವ ಪೈಕಿ ಯಜಮಾನರೂ ಅಲ್ಲ.

ಮೊಣಕಾಲಿನ ನೋವು ಮತ್ತು ಶಾಖದ ಮಿಷಿನ್

ಇದು ಈ ಬರಹದಲ್ಲಿ ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಭಾವನೆ, ಯಾಕೆಂದರೆ ಇದು ನನ್ನ ಕಸುಬಿನದು. 2024ರಲ್ಲಿ ಯಜಮಾನರಿಗೆ ಮೊಣಕಾಲು ನೋವು ಬಂತು. ನಾನು ಊರಲ್ಲಿರಲಿಲ್ಲ. ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದರು. ಅಲ್ಲಿ ಶಾರ್ಟ್‌ವೇವ್ ಡಯಾಥರ್ಮಿ ಮಿಷಿನನ್ನು ತಳ್ಳಿಕೊಂಡು ಬಂದು ಪ್ಯಾಡ್ ಕಟ್ಟತೊಡಗಿದರು. ಹಿಂದೆ ಭುಜಕ್ಕೆ ಕೊಟ್ಟಿದ್ದ ಅದೇ ಶಾಖ. ಅಕ್ಕ ಪರ್ಸಿನಿಂದ, ಮೈಯೊಳಗೆ ಡಿಬಿಎಸ್ ಇದೆ ಅಂತ ತಿಳಿಸುವ ಕಾರ್ಡು ತೆಗೆದು ತೋರಿಸಿದರು. “ಕಾಲಿಗೆ ತಾನೇ ಅಮ್ಮ, ತಲೆಗಲ್ಲವಲ್ಲ” ಅಂದರಂತೆ ಕ್ಲಿನಿಕ್ಕಿನವರು. ಅಕ್ಕ ಕೇಳಲಿಲ್ಲ, ಎಬ್ಬಿಸಿಕೊಂಡು ಬಂದರು.

ಅಕ್ಕ ಮಾಡಿದ್ದೇ ಸರಿ. ಡಯಾಥರ್ಮಿ ರೇಡಿಯೋ ಅಲೆಗಳಿಂದ ಶಾಖ ಕೊಡುತ್ತದೆ. ಆ ಶಕ್ತಿಯನ್ನು ದೇಹದೊಳಗಿನ ವೈರು ಹೀರಿಕೊಂಡು, ತುದಿಯಲ್ಲಿ, ಅಂದರೆ ಮಿದುಳಿನೊಳಗೆ, ಕಾಯಿಸಿಬಿಡುತ್ತದೆ. ಡಿಬಿಎಸ್ ಇದ್ದ ಇಬ್ಬರು ಡಯಾಥರ್ಮಿ ಪಡೆದ ಮೇಲೆ ತೀರಿಕೊಂಡ ವರದಿ ಬಂದು, ಎಫ್‌ಡಿಎ 2002ರ ಡಿಸೆಂಬರಿನಲ್ಲಿ ಎಚ್ಚರಿಕೆ ಹೊರಡಿಸಿತು. ಅದರಲ್ಲಿ ಒಬ್ಬರಿಗೆ ಬಾಯಿಯ ಆಪರೇಷನ್ ಆದಮೇಲೆ, ಇನ್ನೊಬ್ಬರಿಗೆ ಬೆನ್ನಿಗೆ ಕೊಟ್ಟಿದ್ದರು. ದೇಹದ ಯಾವ ಭಾಗಕ್ಕೂ ಕೊಡಬಾರದು. ಡಬ್ಬಿ ಆಫ್ ಮಾಡಿದ್ದರೂ ಕೊಡಬಾರದು. ಡಬ್ಬಿ ತೆಗೆದು ವೈರು ಮಾತ್ರ ಒಳಗಿದ್ದರೂ ಕೊಡಬಾರದು. ಮೈಕ್ರೋವೇವ್ ಡಯಾಥರ್ಮಿ, ನೋವಿಗೆ ಕೊಡುವ ಅಲ್ಟ್ರಾಸೌಂಡ್ ಕೂಡ ಇದರಲ್ಲೇ ಬರುತ್ತವೆ. ಹೊಟ್ಟೆ ನೋಡುವ ಸ್ಕ್ಯಾನಿಂಗ್ ಬೇರೆ, ಗಾಬರಿ ಬೇಡ. ಬೆಂಗಳೂರಿನ ಗಲ್ಲಿಗಲ್ಲಿಯಲ್ಲಿ ನಮ್ಮಂಥವರ ಕ್ಲಿನಿಕ್ ಇದೆ, ಎಷ್ಟೋ ಕಡೆ ಈ ಮಿಷಿನ್ ಇದೆ. “ಮೈಯೊಳಗೆ ಬ್ಯಾಟರಿ, ವೈರು ಏನಾದರೂ ಇದ್ದರೆ ಮೊದಲೇ ಹೇಳಿ” ಅಂತ ಕನ್ನಡದಲ್ಲಿ ಒಂದು ಬೋರ್ಡ್ ಹಾಕಲು ಖರ್ಚೇನಿಲ್ಲ. ಎಂಆರ್‌ಐ ಕೂಡ ಡಬ್ಬಿಯ ಮಾದರಿ ಹೇಳಿ, ಷರತ್ತಿನ ಪ್ರಕಾರವೇ ಮಾಡಿಸಬೇಕು.

ಜೋರು ಕರೆಂಟು, ಅಯಸ್ಕಾಂತ ಡಬ್ಬಿಗೆ ಅಡ್ಡಿಯಾಗಬಾರದು ಅಂತ ಶೆಡ್ಡಿನಲ್ಲೂ ಕೆಲವು ಬದಲಾವಣೆ ಆದವು. ಆರ್ಕ್ ವೆಲ್ಡಿಂಗ್ ಮೊದಲು ಕ್ಯಾಬಿನ್ನಿನ ಪಕ್ಕದಲ್ಲೇ ನಡೆಯುತ್ತಿತ್ತು, ಈಗ ಹಿಂದಿನ ಅಂಗಳಕ್ಕೆ ಹೋಗಿದೆ. ಸರ್ಫೇಸ್ ಗ್ರೈಂಡರಿನ ಮ್ಯಾಗ್ನೆಟಿಕ್ ಚಕ್ ಮೇಲೆ ಬಗ್ಗಿ ನೋಡುವುದನ್ನು ಯಜಮಾನರು ಬಿಟ್ಟಿದ್ದಾರೆ. ಮೆಟ್ರೋ ನಿಲ್ದಾಣದಲ್ಲಿ ಕಾರ್ಡು ತೋರಿಸಿ, ಕೈಯಲ್ಲಿ ಹಿಡಿಯುವ ಡಿಟೆಕ್ಟರನ್ನು ಎದೆಯ ಮೇಲೆ ಹಿಡಿಯಬೇಡಿ ಅನ್ನುತ್ತಾರೆ. ಪೀಣ್ಯ ನಿಲ್ದಾಣದ ಸೆಕ್ಯುರಿಟಿಯವರಿಗೆ ಈಗ ಮುಖ ಪರಿಚಯ.

ಈಗಿನ ಸ್ಥಿತಿ

ಆಪರೇಷನ್ ಆಗಿ ಎರಡೂವರೆ ವರ್ಷ ದಾಟಿದೆ. ಮಾತ್ರೆ ದಿನಕ್ಕೆ ನಾಲ್ಕು ಸಲ. ಓಲಾಟ ಹೋಗಿದೆ. ಮೈಕ್ರೋಮೀಟರ್ ಹಿಡಿಯುತ್ತಾರೆ, ಆದರೆ ಕೊನೆಯ ಅಳತೆಯನ್ನು ಫೋರ್‌ಮನ್ ಕೈಗೆ ಕೊಡುತ್ತಾರೆ. ಡಾಕ್ಟರು ಮೊದಲೇ ಹೇಳಿದ್ದ ತೂಕ ತಪ್ಪುವುದು ಹಾಗೇ ಇದೆ. ಕ್ಯಾಬಿನ್ನಿನ ಬಾಗಿಲಲ್ಲಿ ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಡುತ್ತಿದ್ದರು. ಅಲ್ಲಿ ಒಂದೊಂದು ಅಡಿಗೆ ಅಡ್ಡಡ್ಡ ಹಳದಿ ಟೇಪು ಹಚ್ಚಿದ್ದೇವೆ. ಗೆರೆ ದಾಟುವುದರ ಮೇಲೆ ಗಮನ ಇಟ್ಟರೆ ಕಾಲು ಏಳುತ್ತದೆ. ಟೇಪು ತಿಂಗಳಿಗೊಮ್ಮೆ ಎಣ್ಣೆ, ಚೂರುಗಳಿಗೆ ಕಿತ್ತುಬರುತ್ತದೆ, ಹುಡುಗರು ಮತ್ತೆ ಹಚ್ಚುತ್ತಾರೆ. ದನಿಯ ವ್ಯಾಯಾಮ ಮನೆಯಲ್ಲಿ ಮಾಡುವುದಿಲ್ಲ. ಹಾಗಾಗಿ ಲೇತ್ ಓಡುತ್ತಿರುವಾಗ ಡ್ರಾಯಿಂಗಿನ ಅಳತೆಗಳನ್ನು ದೂರದಿಂದ ಜೋರಾಗಿ ಓದಿ ಹೇಳುವುದನ್ನೇ ವ್ಯಾಯಾಮ ಮಾಡಿದ್ದೇವೆ. ಕೇಳಿಸದಿದ್ದರೆ ಫೋರ್‌ಮನ್ ಕೈ ಎತ್ತುತ್ತಾನೆ.

ಡಬ್ಬಿಯ ಬ್ಯಾಟರಿ 2027ರ ಕೊನೆಯವರೆಗೆ ಬರಬಹುದು ಅಂತ ಕಳೆದ ತಪಾಸಣೆಯಲ್ಲಿ ಅಂದಾಜು ಹೇಳಿದ್ದಾರೆ. ತಲೆಯೊಳಗಿನ ವೈರು ಹಾಗೇ ಇರುತ್ತದೆ, ಎದೆಯದು ಮಾತ್ರ ಬದಲು. ಆಗ ಚಾರ್ಜ್ ಆಗುವ, ಓದುವ ಡಬ್ಬಿಯನ್ನೇ ಹಾಕಿಸೋಣ ಅಂತ ಮಗ ಈಗಲೇ ಹೇಳುತ್ತಿದ್ದಾನೆ. ಮೈಸೂರಿನ ಬಾಣಂತನ ಮುಗಿದಿದೆ, ಅಕ್ಕ ಇನ್ನೂ ಒಪ್ಪಿಲ್ಲ. ರಾಜ್‌ಕೋಟ್‌ನ ಲೇತನ್ನು ಗುಜರಿಗೆ ಹಾಕಿ, ಆ ಜಾಗವನ್ನು ಪಕ್ಕದ ಪೌಡರ್ ಕೋಟಿಂಗ್‌ನವರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಎರಡನೇ ಡಬ್ಬಿಗೆ ಅಂತ ತೆರೆದ ಖಾತೆಗೆ ಆ ಬಾಡಿಗೆ ತಿಂಗಳಾ ತಿಂಗಳಾ ಹೋಗುತ್ತಿದೆ.